ಇವತ್ತಿನ ತಾರೀಖು

"ಆಂಟೀ, ಈ ಹೆಸರು ಸಿಗೂದಿಲ್ರೀ. ಯಾರೋ ಆಗ್ಲೇ ತಗಂಡುಬಿಟ್ಟಾರ," ಎಂದಳು ಜೋಯಾ, ಪರದೆಯ ಮೇಲೆ ಮೂಡಿದ ಕೆಂಪು ಅಕ್ಷರಗಳಿಗೆ ಬೆರಳಿಟ್ಟು.

ವೀರಭದ್ರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಹೆಸರು ಯಾರ ತಗಂಡ್ರು? ನಮ್ಮಪ್ಪ ನಮ್ಮವ್ವ ತೊಟ್ಟಿಲದಾಗ ಹಾಕಿ ಇಟ್ಟ ಹೆಸರದು!"

"ಇದು ಇಮೇಲಿನ ವಿಳಾಸರೀ. ಬ್ಲಾಗಿಗಿಂತ ಮೊದಲ ಇದು ಆಗಬೇಕು. ಒಬ್ರಿಗೆ ಕೊಟ್ಟಿದ್ದು ಇನ್ನೊಬ್ರಿಗೆ ಕೊಡೂದಿಲ್ಲ. ಬ್ಯಾರೆ ಯಾರೋ ವೀರಭದ್ರಮ್ಮ ಇರಬೇಕು."

"ಇದ್ರ ಇರ್ಲಿ. ಆಕಿಗೆ ಬ್ಯಾರೆ ಹೆಸರು ಇಟಗಳಾಕ ಹೇಳು."

ಜೋಯಾ ನಗು ನುಂಗಿಕೊಂಡಳು. ಮೂರು ದಿನದಿಂದ ಈ ಹೆಂಗಸಿನ ಜೊತೆ ಹೆಣಗಿ ಅವಳಿಗೂ ಒಂದು ಮಾತು ಗೊತ್ತಾಗಿತ್ತು. ವೀರಭದ್ರಮ್ಮ ಸಿಟ್ಟಿನಲ್ಲಿ ಇರುವಾಗ ನಕ್ಕವರು ಉಳಿದಿಲ್ಲ. ಹೆಸರಿನ ಮುಂದೆ ಮಾನ್ವಿ ಸೇರಿಸಿದಳು, ಅದೂ ಕೆಂಪಾಯಿತು. ಹುಟ್ಟಿದ ವರ್ಷ ಸೇರಿಸಿದ ಮೇಲೆ ಹಸಿರಾಯಿತು. ತನ್ನ ಹೆಸರು ತನಗೆ ದಕ್ಕಬೇಕಾದರೆ ಅದಕ್ಕೆ ಊರನ್ನೂ ವಯಸ್ಸನ್ನೂ ಬಾಲದಂತೆ ಕಟ್ಟಬೇಕಾಯಿತಲ್ಲ ಎಂದು ವೀರಭದ್ರಮ್ಮ ಹಲ್ಲು ಕಡಿದಳು.

ಜೋಯಾಳ ಆನ್‌ಲೈನ್ ಸೆಂಟರ್ ಇರುವುದು ಮಾನ್ವಿಯ ಬಸ್ ನಿಲ್ದಾಣದ ಎದುರಿಗೆ. ಎರಡು ಕಂಪ್ಯೂಟರು, ಒಂದು ಝೆರಾಕ್ಸ್ ಮಷೀನು, ಗೋಡೆಗೆ ಒಂದು ಬೆಂಚು, ಮೇಲೆ ಅಕ್ಕಿ ಮಿಲ್ಲಿನವರು ಹಂಚಿದ ಕ್ಯಾಲೆಂಡರು. ಹುಡುಗಿ ಟೇಲರ್ ಹುಸೇನಪೀರನ ಮಗಳು. ವೀರಭದ್ರಮ್ಮನ ಕುಪ್ಪಸಗಳನ್ನು ಇಪ್ಪತ್ತು ವರ್ಷದಿಂದ ಹೊಲಿಯುವವನು ಅವನೇ. ಆ ಸಲಿಗೆಯಿಂದಲೇ ಅವಳು ಇಲ್ಲಿ ಬಂದು ಕುಳಿತಿದ್ದಳು, ತೊಡೆಯ ಮೇಲೆ ಒಂದು ಹಳೆಯ ನೋಟುಬುಕ್ಕು ಇಟ್ಟುಕೊಂಡು.

ಆ ನೋಟುಬುಕ್ಕಿನಲ್ಲಿ ಇದ್ದದ್ದು ನೂರಾ ಹನ್ನೆರಡು ಒಡಪು. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬರಿ ಬಾಯಲ್ಲಿ ಹೇಳುವುದಿಲ್ಲ. ಮದುವಿಯಲ್ಲೋ ಬಸುರಿಗೆ ಮಾಡುವ ಕುಬಸದಲ್ಲೋ ಬಾಗಿಲಿಗೆ ಅಡ್ಡ ನಿಂತು "ಹೆಸರು ಹೇಳು" ಎಂದು ಕಾಡಿದಾಗ, ಎರಡು ಸಾಲಿನ ಪದ ಕಟ್ಟಿ ಅದರೊಳಗೆ ಹೆಸರನ್ನು ಅಡಗಿಸಿ ಹೇಳಬೇಕು. ಎಲ್ಲರಿಗೂ ಅದು ಒಲಿಯುವುದಿಲ್ಲ. ಹಾಗಾಗಿ ಸುತ್ತಿನ ಊರುಗಳ ಹುಡುಗಿಯರು ಮದುವಿಗೆ ಮುಂಚೆ ವೀರಭದ್ರಮ್ಮನ ಮನೆಗೆ ಬಂದು, ನಾಚಿಕೊಂಡು, ಗಂಡನಾಗುವವನ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋಗುತ್ತಿದ್ದರು. ಅವಳು ರೊಟ್ಟಿ ತಟ್ಟುತ್ತ ಕಟ್ಟಿಕೊಡುತ್ತಿದ್ದಳು, ಅವು ಬಾಯಿಂದ ಬಾಯಿಗೆ ಊರೂರು ತಿರುಗುತ್ತಿದ್ದವು. ಇದಕ್ಕೆ ಅವಳು ಯಾರ ಹತ್ತಿರವೂ ಏನೂ ತೆಗೆದುಕೊಂಡವಳಲ್ಲ. "ಇದು ವೀರಭದ್ರಮ್ಮಂದು" ಎಂದು ನಾಲ್ಕು ಹೆಂಗಸರು ಅಂದರೆ ಅವಳಿಗೆ ಅದೇ ಹೋಳಿಗೆ ಊಟ.

ಮೂರು ವಾರದ ಹಿಂದೆ ಆ ಊಟಕ್ಕೇ ಮಣ್ಣು ಬಿತ್ತು. ಚಂದ್ರಬಂಡದಲ್ಲಿ ಅಣ್ಣನ ಮಗ ಕೊಟ್ರೇಶನ ಮದುವಿ. ಹೊಸ ಸೊಸೆ ಹೊಸ್ತಿಲ ಮುಂದೆ ತಲೆ ತಗ್ಗಿಸಿ ನಿಂತಾಗ, ಮೊದಲು ದೊಡ್ಡವರು ಹೇಳಲಿ ಎಂದು ಎಲ್ಲರೂ ವೀರಭದ್ರಮ್ಮನ ಕಡೆ ತಿರುಗಿದರು. ಅವಳು ತನ್ನ ಮದುವಿಯ ದಿನ ಇದೇ ಮಾನ್ವಿಯ ಮನೆಯ ಬಾಗಿಲಲ್ಲಿ ತಾನೇ ಕಟ್ಟಿದ್ದ ಮೊಟ್ಟಮೊದಲ ಒಡಪನ್ನು ತೆಗೆದಳು:

"ಕಾಲುವಿ ನೀರು ಕಡೀ ಹೊಲಕ ಮುಟ್ಟೂದು ತಡವಾಯ್ತು..."

ಎರಡನೆಯ ಸಾಲಿಗೆ ಬಾಯಿ ತೆರೆಯುವಷ್ಟರಲ್ಲಿ, ಹುಡುಗಿಯ ಚಿಕ್ಕಮ್ಮ, ದೇವದುರ್ಗದ ಶಿವಗಂಗಾ, ತಾನೇ ಅದನ್ನು ಮುಗಿಸಿಬಿಟ್ಟಳು. ಮುಗಿಸಿ, ಫೋನು ಎತ್ತಿ ಹಿಡಿದು, "ಇದು ಮೂರು ವರ್ಷದ ಹಿಂದಿನ ವೀಡಿಯೋದಾಗ ಅದರೀ. ರಾಯಚೂರಿನ ಹುಡುಗಿ ಹೇಳ್ಯಾಳ. ನೀವು ಹೊಸಾದು ಕಟ್ಟತೀರಿ ಅಂದಿದ್ರು. ನೀವೂ ಫೋನ್ ನೋಡೇ ಕಲಿತೀರೇನು?" ಎಂದಳು. ಹೆಂಗಸರು ಹೋ ಎಂದು ನಕ್ಕರು. ಶಿವಗಂಗಾಳ ಮಾತಿನಲ್ಲಿ ಅಂಥ ವಿಷವೇನೂ ಇರಲಿಲ್ಲ. ಆದರೆ ನಕ್ಕವರಲ್ಲಿ ವೀರಭದ್ರಮ್ಮನ ಸ್ವಂತ ಅತ್ತಿಗೆಯೂ ಇದ್ದಳು. ವೀರಭದ್ರಮ್ಮ ಅವತ್ತು ಊಟದ ಪಂಕ್ತಿಯಿಂದ ಅರ್ಧಕ್ಕೇ ಎದ್ದಳು.

ಬರುವ ಭಾನುವಾರ ದೇವದುರ್ಗದಲ್ಲಿ ಅದೇ ಬೀಗರ ಮನೆಯಲ್ಲಿ ದೊಡ್ಡ ಮಗಳ ಕುಬಸ. ಅದೇ ಹೆಂಗಸರು ಅಲ್ಲೂ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. "ಪುರಾವೆ ಇಲ್ಲದ ನಾ ದೇವದುರ್ಗದ ಬಸ್ಸು ಹತ್ತೂದಿಲ್ಲ," ಎಂದು ಅವಳು ಗಂಡನಿಗೆ ಹೇಳಿಬಿಟ್ಟಿದ್ದಳು. ಅವಳು ರೇಷನ್ ಕಾರ್ಡಿನ ಕೆಲಸಕ್ಕೆ ಸೆಂಟರಿಗೆ ಬಂದಾಗ ಈ ದುಃಖ ಕೇಳಿದ ಜೋಯಾ, "ಒಂದು ಬ್ಲಾಗ್ ಮಾಡ್ರಿ ಆಂಟಿ. ನಿಮ್ಮ ಹೆಸರು, ತಾರೀಖು ಎಲ್ಲಾ ಬರ್ತದ. ಯಾರ ಕೇಳಿದ್ರೂ ತೆಗೆದು ತೋರಸ್ರಿ," ಎಂದಿದ್ದಳು. ತಾರೀಖು ಎಂಬ ಮಾತು ವೀರಭದ್ರಮ್ಮನಿಗೆ ಗಟ್ಟಿಯಾಗಿ ಹಿಡಿದುಕೊಂಡಿತು.

ಮೊದಲನೆಯ ದಿನ ಕರೆಂಟು ಇರಲಿಲ್ಲ. ಎರಡನೆಯ ದಿನ ಕರೆಂಟು ಇತ್ತು, ನೆಟ್ಟು ಇರಲಿಲ್ಲ. ಇವತ್ತು ಗುರುವಾರ, ಎರಡೂ ಇದ್ದವು. ಹೆಸರೂ ಅಂತೂ ಸಿಕ್ಕಿತು. ಆದರೆ ಕಂಪ್ಯೂಟರಿಗೆ ಇನ್ನೊಂದು ಅನುಮಾನ ಬಂತು.

"ನೀವು ಮನುಷ್ಯರು ಹೌದೋ ಅಲ್ಲೋ ಕೇಳಾಕತ್ತದ," ಎಂದಳು ಜೋಯಾ. "ಈ ಚಿತ್ರದಾಗ ಝೀಬ್ರಾ ಕ್ರಾಸಿಂಗ್ ಎಲ್ಲೆಲ್ಲಿ ಅದಾವ, ಅವನ್ನ ಒತ್ತ್ರಿ."

"ಅಂದ್ರೇನು?"

"ರಸ್ತೆ ದಾಟಾಕ ಬಿಳೇ ಪಟ್ಟಿ ಹೊಡದಿರ್ತಾರಲ್ರೀ."

"ಮಾನ್ವ್ಯಾಗ ಎಲ್ಲಿ ಹೊಡದಾರ ಬೇ? ನಾವು ಟ್ರ್ಯಾಕ್ಟರ್ ನೋಡಿ ದಾಟ್ತೀವಿ, ಪಟ್ಟಿ ನೋಡಿ ಅಲ್ಲ."

ಎರಡು ಸಲ ತಪ್ಪಾಯಿತು. ಮೂರನೆಯ ಸಲ ಜೋಯಾಳೇ ಒತ್ತಿದಳು. ಐವತ್ನಾಲ್ಕು ವರ್ಷ ಮನುಷ್ಯಳಾಗಿ ಬಾಳಿದ ವೀರಭದ್ರಮ್ಮ ಅಂತೂ ಮನುಷ್ಯಳೆಂದು ಪಾಸಾದಳು. ಆಮೇಲೆ ಅದು ಫೋನ್ ನಂಬರು ಕೇಳಿತು.

"ನಿಂದೇ ಹಾಕು."

"ನಂದು ಇನ್ನ ತಗಳಂಗಿಲ್ರೀ. ಊರ ಮಂದಿದೆಲ್ಲ ಇದರ ಮ್ಯಾಲೇ ಮಾಡೀನಿ, ಸಾಕು ಅಂತದ."

ವೀರಭದ್ರಮ್ಮನ ಮನೆಗೆ ಇರುವುದು ಒಂದೇ ಫೋನು. ಅದು ಬೆಳಿಗ್ಗೆ ಗಂಡನ ಅಂಗಿಯ ಜೇಬಿನಲ್ಲಿ ಕೂತು ಅಕ್ಕಿ ಮಿಲ್ಲಿಗೆ ಹೋಗುತ್ತದೆ. ಆತ ಅಲ್ಲಿ ಮಷೀನು ನೋಡಿಕೊಳ್ಳುವವನು. ಆ ನಂಬರನ್ನೇ ಹಾಕಿದರು. "ಆರು ಅಂಕಿ ಹೋಗ್ಯಾವ್ರೀ. ಹತ್ತು ನಿಮಿಷದಾಗ ಹೇಳಬೇಕು," ಎಂದು ಜೋಯಾ ತನ್ನ ಫೋನು ಕೊಟ್ಟಳು. ವೀರಭದ್ರಮ್ಮ ಹಚ್ಚಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಇನ್ನೊಮ್ಮೆ ಹಚ್ಚಿದಳು. ಮಷೀನಿನ ಸದ್ದಿನಲ್ಲಿ ಆತನಿಗೆ ಗುಡುಗು ಕೇಳಿಸಿದರೆ ಹೆಚ್ಚು.

ಜೋಯಾ ಗೋಡೆಯ ಕ್ಯಾಲೆಂಡರಿನಿಂದ ಮಿಲ್ಲಿನ ಆಫೀಸಿನ ನಂಬರು ನೋಡಿ ಒತ್ತಿಕೊಟ್ಟು, ಬಂದ ಗಿರಾಕಿಯ ಆಧಾರ್ ಕಾರ್ಡನ್ನು ಝೆರಾಕ್ಸ್ ಮಾಡಲು ಎದ್ದಳು.

"ಹಲೋ, ಯಾರ ಬೇಕ್ರೀ?" ಅತ್ತಲಿಂದ ಗುಮಾಸ್ತ ವೆಂಕಣ್ಣನ ದನಿ. ಕೆಲಸಕ್ಕೆ ಸೇರಿ ಹದಿನೈದು ದಿನವೂ ಆಗಿರದ ಮನುಷ್ಯ.

"ನಮ್ಮ ಮನ್ಯಾರಿಗೆ ಕೊಡ್ರಿ."

"ಯಾರ ಮನ್ಯಾರ್ರೀ? ಇಲ್ಲಿ ಇದ್ದವ್ರೆಲ್ಲ ಯಾರರೆ ಮನ್ಯಾರೇ ಅದಾರ."

"ಮಷೀನ್ ನೋಡ್ತಾರಲ್ಲ, ಅವ್ರು."

"ಮೂರು ಮಂದಿ ನೋಡ್ತಾರ್ರೀ."

"ಎತ್ತರ ಅದಾರ. ಬಿಳಿ ಮೀಸಿ."

"ತೌಡು ಹಾರಿ ಹಾರಿ ಎಲ್ಲಾರ ಮೀಸಿನೂ ಬಿಳಿನೇ ಅದಾವ್ರೀ ತಾಯಿ. ಹೆಸರು ಹೇಳ್ರಿ, ಹೆಸರು!"

ವೀರಭದ್ರಮ್ಮ ಜೋಯಾಳ ಕಡೆ ನೋಡಿದಳು. ಝೆರಾಕ್ಸ್ ಮಷೀನು ಗರಗರ ಅನ್ನುತ್ತಿತ್ತು, ಹುಡುಗಿ ಬೆನ್ನು ತಿರುಗಿಸಿದ್ದಳು. ಪರದೆಯ ಮೇಲಿನ ಗಡಿಯಾರದಲ್ಲಿ ಏಳು ನಿಮಿಷ ಆಗಲೇ ಸತ್ತಿದ್ದವು. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ್ದಾಳೆ, ಒಂದು ದಿನ ಆ ಹೆಸರನ್ನು ಬರಿ ಬಾಯಲ್ಲಿ ಆಡಿದವಳಲ್ಲ. "ಲಗೂನ ಹೇಳ್ರೀ, ಲಾರಿ ನಿಂತಾವ," ಎಂದು ವೆಂಕಣ್ಣ ಅವಸರ ಮಾಡಿದ. ವೀರಭದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಸಿಟ್ಟಿನಲ್ಲಿ, ಒಂದೇ ಉಸಿರಿಗೆ ಅಂದುಬಿಟ್ಟಳು:

"ತೌಡು ಬ್ಯಾರೆ, ಅಕ್ಕಿ ಬ್ಯಾರೆ ಮಾಡ್ತದ ನಿಮ್ಮ ಮಿಲ್ಲ,
ಗಡಿಗೆಪ್ಪರನ ಕರೀರಿ ಜಲ್ದಿ, ಕಾಯಾಕ ವ್ಯಾಳ್ಯಾ ಇಲ್ಲ!"

ಅತ್ತ ವೆಂಕಣ್ಣ ಬಿದ್ದು ಬಿದ್ದು ನಕ್ಕದ್ದೂ, "ಗಡಿಗೆಪ್ಪಣ್ಣ, ಓ ಗಡಿಗೆಪ್ಪಣ್ಣ" ಎಂದು ಕೂಗುತ್ತ ಓಡಿದ್ದೂ ಕೇಳಿಸಿತು. ಗಡಿಗೆಪ್ಪ ಏದುಸಿರು ಬಿಡುತ್ತ ಬಂದು, ಕನ್ನಡಕ ಇಲ್ಲದ ಕಣ್ಣಿಗೆ ತನ್ನ ಜೇಬಿನ ಫೋನು ದೂರ ಹಿಡಿದು ಅಂಕಿಗಳನ್ನು ಒಂದೊಂದಾಗಿ ಓದಿದ. ಆರನೆಯದು ಎಂಟೋ ಮೂರೋ ಎಂದು ಗಂಡ ಹೆಂಡತಿಗೆ ಅಲ್ಲೇ ಒಂದು ಜಗಳವೂ ಆಯಿತು. ಎಂಟು ಆಗಿತ್ತು. ಬ್ಲಾಗಿನ ಬಾಗಿಲು ತೆರೆಯಿತು.

ಈಗ ಬರೆಯಬೇಕು. ಜೋಯಾ ತಾನೇ ಟೈಪ್ ಮಾಡುತ್ತೇನೆಂದಳು. ವೀರಭದ್ರಮ್ಮ ಒಪ್ಪಲಿಲ್ಲ. "ನೀ ಬರದ್ರ ನಾಳಿಗೆ ಜೋಯಾಂದು ಅಂತಾರ." ಕನ್ನಡದ ಅಕ್ಷರ ಬರಬೇಕಾದರೆ ಇಂಗ್ಲಿಷಿನ ಕೀಲಿಮಣೆ ಕುಟ್ಟಬೇಕು. ಏಳನೆಯ ಇಯತ್ತೆಯಲ್ಲಿ ಕಲಿತ ಎಬಿಸಿಡಿಯನ್ನು ಅವಳು ಅಕ್ಕಿಯಲ್ಲಿ ಹರಳು ಹುಡುಕಿದಂತೆ ಹುಡುಕಿದಳು. ಮೊದಲ ಸಾಲು ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಎರಡನೆಯ ಸಾಲಿನ ಕೊನೆಗೆ ಬಂದಾಗ ಏನನ್ನೋ ಒತ್ತಿದಳು, ಬರೆದದ್ದೆಲ್ಲ ಮಾಯ.

"ಎಲ್ಲಿ ಹೋಯ್ತು? ಎಲ್ಲಿ ಹೋಯ್ತು ಬೇ?"

"ನೀವ ಅಳಿಸೀರಿ ಆಂಟಿ."

"ನಾ ಯಾಕ ಅಳಿಸ್ಲಿ, ನನಗೇನು ಹುಚ್ಚ ಹಿಡದದೇನು? ನಿನ್ನ ಮಷೀನ್ ತಿಂದದ!"

"ನನ್ನ ಮ್ಯಾಲ ಒದರಬ್ಯಾಡ್ರಿ," ಎಂದು ಜೋಯಾಳೂ ದನಿ ಎತ್ತಿದಳು. "ಮೂರು ದಿನದಿಂದ ನಿಮ್ಮ ಸಲುವಾಗಿ ಒಂದು ಕಂಪ್ಯೂಟರ್ ಬಿಟ್ಟು ಕುಂತೀನಿ. ಮಂದಿ ತಿರುಗಿ ಹೋಗಾಕತ್ತಾರ."

ಬೆಂಚಿನ ಮೇಲಿದ್ದವರು ಇಬ್ಬರನ್ನೂ ನೋಡಿದರು. ಸ್ವಲ್ಪ ಹೊತ್ತಿಗೆ ಜೋಯಾಳೇ ಬಂದು ಎರಡು ಗುಂಡಿ ಒತ್ತಿದಳು. ಹೋದದ್ದು ಹೋದ ಹಾಗೆಯೇ ತಿರುಗಿ ಬಂತು. ವೀರಭದ್ರಮ್ಮ ತಂದಿದ್ದ ಶೇಂಗಾ ಹೋಳಿಗೆಯ ಡಬ್ಬಿಯನ್ನು ಅವಳ ಕಡೆ ಸರಿಸಿದಳು. ಹುಡುಗಿ ಒಂದು ತೆಗೆದುಕೊಂಡಳು. ಸಂಧಿ ಆದ ಹಾಗೆ ಲೆಕ್ಕ.

ನಾಲ್ಕೂವರೆಗೆ ಬರೆಯುವುದು ಮುಗಿಯಿತು. "ಪ್ರಕಟಿಸು ಅಂತದಲ್ಲ, ಅಲ್ಲಿ ಒತ್ತ್ರಿ," ಎಂದಳು ಜೋಯಾ. ವೀರಭದ್ರಮ್ಮ ಮನಸ್ಸಿನಲ್ಲೇ ಮನೆದೇವರನ್ನು ನೆನೆದು ಒತ್ತಿದಳು. ಪರದೆ ಬೆಳ್ಳಗಾಗಿ, ಆಮೇಲೆ ಅವಳ ಹೆಸರು ಮೂಡಿತು. ಕೆಳಗೆ ಅವಳ ಒಡಪು:

"ಕಾಲುವಿ ನೀರು ಕಡೀ ಹೊಲಕ ಮುಟ್ಟೂದು ತಡವಾಯ್ತು,
– – – ರ ಹೆಸರ ಹೇಳಿದ ಮ್ಯಾಲ ಹೊಸ್ತಿಲ ಹಗುರಾಯ್ತು."

ಅವಳ ಕಣ್ಣು ತುಂಬಿದವು. ಅಚ್ಚಿನ ಹಾಗೆ ಎಷ್ಟು ಚೆಂದ ಕೂತಿವೆ ಅಕ್ಷರ! ಹಾಗೆಯೇ ಮೇಲೆ ಕಣ್ಣು ಹಾಯಿಸಿದಳು. ಮುಖ ಬಾಡಿತು.

"ಜೋಯಾ, ಇದೇನು, ಇವತ್ತಿನ ತಾರೀಖು ಬಂದದ?"

"ಹೌದ್ರೀ. ಇವತ್ತಲ್ಲೇನು ಹಾಕಿದ್ದು?"

"ನಾ ಕಟ್ಟಿದ್ದು ಮೂವತ್ತನಾಲ್ಕು ವರ್ಷದ ಹಿಂದ! ಆ ವೀಡಿಯೋ ಮೂರು ವರ್ಷದ್ದು. ಇದನ್ನ ತೋರಿಸಿದ್ರ ಶಿವಗಂಗಾ ಏನಂತಾಳ? ನಾನೇ ವೀಡಿಯೋದಾಗಿಂದು ಕದ್ದೀನಿ ಅಂತ ಕಾಗದ ಮಾಡಿ ಕೊಟ್ಟಂಗ ಆಗ್ತದ!"

ಮೂರು ದಿನ ಕಷ್ಟಪಟ್ಟು ತನ್ನ ಮೇಲೆ ತಾನೇ ಸಾಕ್ಷಿ ತಯಾರು ಮಾಡಿಕೊಂಡಂತಾಗಿತ್ತು. ಜೋಯಾಳಿಗೂ ಈಗ ಹೊಳೆಯಿತು. ನಾಲಿಗೆ ಕಚ್ಚಿಕೊಂಡು, "ತಡೀರಿ, ತಾರೀಖು ಬದಲಿ ಮಾಡಾಕ ಬರ್ತದ," ಎಂದು ಎಲ್ಲೆಲ್ಲೋ ಒತ್ತಿದಳು. "ಮದುವಿ ಯಾವಾಗ ಆಯ್ತ್ರೀ?"

ವೀರಭದ್ರಮ್ಮ ಹೇಳಿದಳು. ಪರದೆಯ ಮೇಲೆ ಸಾವಿರದ ಒಂಬೈನೂರ ತೊಂಬತ್ತೊಂದರ ಮೇ ತಿಂಗಳು ಬಂದು ಕೂತಿತು. ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು ಅವಳಿಗೆ. ಆದರೆ ಅದು ಎರಡು ನಿಮಿಷದ ಸುಖ.

"ಅಲ್ಲ ಜೋಯಾ, ಬ್ಯಾರೆ ವರ್ಷ ಹಾಕಿದ್ರೂ ತಗಳತದೇನು?"

"ಹೂಂರೀ."

"ಎಪ್ಪತ್ತೊಂದು ಹಾಕು."

ಜೋಯಾ ಹಾಕಿದಳು. ತಗೊಂಡಿತು.

"ಎಪ್ಪತ್ತೊಂದರಾಗ ನಾ ತೊಟ್ಟಿಲದಾಗ ಇದ್ದೆ ಬೇ," ಎಂದಳು ವೀರಭದ್ರಮ್ಮ. ಅವಳ ದನಿ ಇದ್ದಕ್ಕಿದ್ದಂತೆ ಇಳಿದುಹೋಗಿತ್ತು. "ತೊಟ್ಟಿಲದಾಗ ಇದ್ದಾಕಿ ಗಂಡನ ಹೆಸರು ಹೇಳಿದ್ಲಂತ ಬರದ್ರೂ ಹೂಂ ಅಂತದ ಇದು. ಇಂಥಾದ್ದನ್ನ ತಗಂಡು ನಾ ಯಾರ ಮುಂದ ತೋರಿಸ್ಲಿ?"

"ಯಾರ ನೋಡ್ತಾರ್ರೀ ಅಷ್ಟೆಲ್ಲ? ತೊಂಬತ್ತೊಂದು ಇರಲಿ ಬಿಡ್ರಿ, ಅದು ಖರೇನೇ ಅದಲ್ಲ?"

"ಖರೇ ಅದ. ಆದ್ರ ಖರೇ ಅಂತ ತೋರಸೂದಿಲ್ಲಲ್ಲ ಇದು."

ಅವಳು ಇವತ್ತಿನ ತಾರೀಖನ್ನೂ ಇರಗೊಡಲಿಲ್ಲ, ಹಳೆಯದನ್ನೂ ಇರಗೊಡಲಿಲ್ಲ. ಹಾಕಿದ್ದನ್ನೇ ತೆಗೆಸಿದಳು. ನೋಟುಬುಕ್ಕನ್ನು ಚೀಲದಲ್ಲಿ ತುರುಕಿ ಎದ್ದಳು. ಭಾನುವಾರ ಜ್ವರ ಬಂತೆಂದು ಹೇಳಿ ಕಳಿಸಿದರಾಯಿತು. ಮಂದಿಗೆ ಗೊತ್ತಾಗುತ್ತದೆ, ಬೆನ್ನ ಹಿಂದೆ ನಗುತ್ತಾರೆ, ನಗಲಿ. ಇನ್ನು ಮೇಲೆ ಯಾವ ಮದುಮಗಳು ಚೀಟಿ ತಂದರೂ ಫೋನಿನಲ್ಲಿ ನೋಡಿಕೋ ಎಂದು ಕಳಿಸಬೇಕು. ಹೀಗೆ ಅಂದುಕೊಳ್ಳುತ್ತಲೇ ಅವಳಿಗೆ ಅಳು ಒತ್ತರಿಸಿ ಬಂತು, ಚಪ್ಪಲಿಯನ್ನು ತಡಕಾಡಿ ಮೆಟ್ಟಿಕೊಂಡಳು.

ಆಗ ಜೋಯಾಳ ಫೋನು ರಿಂಗಾಯಿತು. ಎತ್ತಿದ ಜೋಯಾ, "ನಿಮಗ್ರೀ, ಮಿಲ್ಲಿನಿಂದ," ಎಂದು ಹಿಂದಿನಿಂದ ಕರೆದಳು.

"ತಾಯೀ, ನಾನು ವೆಂಕಣ್ಣ," ಎಂದಿತು ಅತ್ತಲ ದನಿ. "ಆಗ ನೀವು ಅಂದ್ರಲ್ಲ ಒಂದು ಪದ, ತೌಡಿಂದು, ಅದನ್ನ ಇನ್ನೊಮ್ಮೆ ಹೇಳ್ರಿ. ಇಲ್ಲಿ ಹಮಾಲರು ಮಧ್ಯಾಹ್ನದಿಂದ ಅದನ್ನೇ ಹಾಡಾಕತ್ತಾರ. ಒಬ್ಬೊಬ್ಬಂದು ಒಂದೊಂದು ನಮೂನಿ. ನಿಮ್ಮ ಬಾಯಿಲೆ ಸರಿ ಮಾಡಿಬಿಡ್ರಿ."

"ಯಾವ ಪದ?" ಎಂದಳು ವೀರಭದ್ರಮ್ಮ. ನಿಜವಾಗಿಯೂ ಅವಳಿಗೆ ನೆನಪಿರಲಿಲ್ಲ. ಆರು ಅಂಕಿಯ ಗಡಿಬಿಡಿಯಲ್ಲಿ ಬಾಯಿಂದ ಬಿದ್ದದ್ದನ್ನು ಒಡಪೆಂದೇ ಅವಳು ಎಣಿಸಿರಲಿಲ್ಲ.

"ತೌಡು ಬ್ಯಾರೆ, ಅಕ್ಕಿ ಬ್ಯಾರೆ ಮಾಡ್ತದ ನಿಮ್ಮ ಮಿಲ್ಲ," ಎಂದು ಪಕ್ಕದಲ್ಲಿ ಜೋಯಾ ಎತ್ತಿಕೊಟ್ಟಳು. "ನಾ ಕೇಳೀನ್ರೀ, ಝೆರಾಕ್ಸ್ ಮಾಡಾಕತ್ತಿದ್ದೆ. ಮುಂದಿಂದು ನಿಮ್ಮ ಮನ್ಯಾರ ಹೆಸರಿಂದು, ನಾ ಹೇಳೂದಿಲ್ಲ."

ವೀರಭದ್ರಮ್ಮ ಮುಂದಿನದನ್ನು ಹೇಳಿದಳು. ಈ ಸಲ ಮೆಲ್ಲಗೆ, ಪ್ರತಿ ಮಾತಿನ ತೂಕ ನೋಡಿಕೊಂಡು. ಅತ್ತ ನಾಲ್ಕಾರು ಗಂಡಸರು ಸೇರಿ ಅದನ್ನು ತಿರುಗಿ ಅಂದದ್ದು ಕೇಳಿಸಿತು. "ಎಲ್ಲಿಂದ ಕಲತ್ರೀ ತಾಯಿ ಇದನ್ನ?" ಎಂದ ವೆಂಕಣ್ಣ.

"ಎಲ್ಲಿಂದ ಕಲೀಲಿ? ನೀ ಹೆಸರು ಹೇಳು ಹೆಸರು ಹೇಳು ಅಂತ ಜೀವ ತಿಂದಿ. ಬಂತು."

ಫೋನು ಇಟ್ಟು ಅವಳು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಳು. ಎದುರಿಗೆ ದೇವದುರ್ಗದ ಬಸ್ಸು ಜನರನ್ನು ತುಂಬಿಕೊಳ್ಳುತ್ತಿತ್ತು. ಚಪ್ಪಲಿ ಕಾಲಿನಿಂದ ಮತ್ತೆ ಜಾರಿಸಿ ಒಳಗೆ ಬಂದು ಕುರ್ಚಿಯಲ್ಲಿ ಕುಳಿತಳು.

"ತೆಗಿ ಅದನ್ನ."

"ಯಾವುದನ್ರೀ?"

"ಬ್ಲಾಗು. ಇದನ್ನ ಬರೀತೀನಿ."

"ನೋಟುಬುಕ್ಕು?"

"ಅದು ಚೀಲದಾಗ ಇರ್ಲಿ."

ಮತ್ತೆ ಒಂದು ಬೆರಳು, ಮತ್ತೆ ಎಬಿಸಿಡಿ. ತೌಡಿನ ಔ ಸಿಗದೆ ಹತ್ತು ನಿಮಿಷ ಹೋಯಿತು. ಎರಡನೆಯ ಸಾಲಿಗೆ ಬಂದಾಗ ಅವಳ ಬೆರಳು ನಿಂತಿತು. ನೋಟುಬುಕ್ಕಿನ ನೂರಾ ಹನ್ನೆರಡರಲ್ಲೂ ಗಂಡನ ಹೆಸರಿನ ಜಾಗದಲ್ಲಿ ಅವಳು ಹಾಕಿದ್ದು ಬರೀ ಗೆರೆ. ಯಾವ ಹುಡುಗಿ ಬಂದರೆ ಅವಳ ಗಂಡನದು. ಇಲ್ಲಿ ಗೆರೆ ಹಾಕಲು ಬರುವುದಿಲ್ಲ. ಈ ಮಾತು ಇವತ್ತು ಕರೆದದ್ದು ಒಬ್ಬನನ್ನೇ. ಅವಳು ಆ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತಿದಳು, ಕಿವಿ ಕೆಂಪಾದವು. ಜೋಯಾ ಮರ್ಯಾದೆಗೆ ಬೇರೆ ಕಡೆ ನೋಡಿದಳು.

"ತಾರೀಖು?" ಎಂದಳು ಆಮೇಲೆ.

"ಇವತ್ತಿಂದೇ ಇರ್ಲಿ."

"ಭಾನುವಾರ ಅವ್ರು ಕಾಲುವಿ ನೀರಿಂದು ಕೇಳಿದ್ರ?"

"ಕೇಳ್ಲಿ. ನಂದು ಅಂತೀನಿ. ನಂಬೂದಿಲ್ಲ ಅಂದ್ರ ಅಲ್ಲೇ ಹೊಸ್ತಿಲದಾಗ ನಿಂತು ಹೊಸಾದು ಕಟ್ಟತೀನಿ. ಶಿವಗಂಗಾ ಫೋನಿನಾಗ ಹುಡುಕಿಕೋತ ಕುಂದ್ರಲಿ."

ಆರು ಗಂಟೆಗೆ ಮಿಲ್ಲು ಬಿಟ್ಟ ಮೇಲೆ ಗಡಿಗೆಪ್ಪ ಅವಳನ್ನು ಕರೆಯಲು ಬಂದ. ಮೀಸೆ, ಹುಬ್ಬು, ಕಿವಿಯ ಅಂಚು ಎಲ್ಲ ತೌಡು. ಒಳಗೆ ಬಂದರೆ ಅಂಗಡಿ ಹೊಲಸಾದೀತೆಂದು ಬಾಗಿಲಲ್ಲೇ ನಿಂತ. ಮಧ್ಯಾಹ್ನದಿಂದ ಮಿಲ್ಲಿನವರು ಅವನನ್ನು ಕಾಡಿಸಿದ್ದರೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಜೋಯಾ ಪರದೆಯನ್ನು ಅವನ ಕಡೆ ತಿರುಗಿಸಿದಳು. ಅವನು ಕತ್ತು ಚಾಚಿ, ತುಟಿ ಅಲ್ಲಾಡಿಸುತ್ತ ಓದಿದ. ಎರಡನೆಯ ಸಾಲಿಗೆ ಬಂದು ನಿಂತ. ತಡೆಯಲಾರದೆ ಒಂದು ಹೆಜ್ಜೆ ಒಳಗಿಟ್ಟು ಗಾಜಿನ ಮೇಲೆ ಬೆರಳು ಇಟ್ಟ.

"ಇದನ್ನ ನೀನ ಬರದ್ಯಾ?"

ವೀರಭದ್ರಮ್ಮ ಚೀಲ ಹೆಗಲಿಗೆ ಹಾಕಿಕೊಂಡು, ರಸ್ತೆಯ ಕಡೆ ನೋಡುತ್ತ, "ಭಾನುವಾರ ದೇವದುರ್ಗಕ್ಕ ಮುಂಜಾನಿ ಬಸ್ಸು ಎಷ್ಟಕ್ಕದ, ಕೇಳಿ ಬರ್ರಿ," ಎಂದಳು.

ಅವನು ಬಸ್ ನಿಲ್ದಾಣದ ಕಡೆ ಹೊರಟ. ಪರದೆಯ ಮೇಲೆ, ಅವನ ಹೆಸರಿನ ಪಕ್ಕದಲ್ಲಿ, ತೌಡಿನ ಒಂದು ಬೆರಳಚ್ಚು ಉಳಿದಿತ್ತು. ಜೋಯಾ ಒರೆಸಲು ಬಟ್ಟೆ ಎತ್ತಿಕೊಂಡಳು.

"ಇರ್ಲಿ ಬಿಡು," ಎಂದಳು ವೀರಭದ್ರಮ್ಮ.